ಒಣಗಿತೇನೋ?

ಈ ಸಾಲು ಟೈಪ್ ಮಾಡುವಾಗಲೂ ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಅಂಟಿಕೊಳ್ಳುತ್ತಿವೆ. ಸೀಮೆಎಣ್ಣೆಯಲ್ಲಿ ತೊಳೆದದ್ದಾಯಿತು, ಸೀಗೆಪುಡಿ ಹಾಕಿ ತಿಕ್ಕಿದ್ದಾಯಿತು, ಹಲಸಿನ ಮೇಣಕ್ಕೆ ಮಾಡುವ ಹಾಗೆ ಕೊಬ್ಬರಿ ಎಣ್ಣೆ ಸವರಿದ್ದೂ ಆಯಿತು. ಅಗಸೆ ಎಣ್ಣೆ ಬೆರಳು ಬಿಡುವುದಿಲ್ಲ. ಅದೇ ಎಣ್ಣೆ ಕೋವಿಯ ಮರದ ಮೇಲೆ 23 ದಿನದಿಂದ ಒಣಗುತ್ತಲೂ ಇಲ್ಲ.

ಕೋವಿ ಎಂದ ಕೂಡಲೇ ಪೇಟೆಯ ಓದುಗರು ನನಗೊಂದು ಮೀಸೆ ಬರೆದುಕೊಳ್ಳುವುದು ಬೇಡ. ಮೀಸೆ ಇಲ್ಲ. ಇರುವುದು ನಾಲ್ಕು ಎಕರೆ ಅಡಿಕೆ ತೋಟ, ಅಜ್ಜನಿಂದ ಬಂದ 12 ಬೋರಿನ ಜೋಡುನಳಿಗೆ, ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸಿನ ಪುಸ್ತಕ. ಮಂಗನಿಗೆ ಗುಂಡು ಹೊಡೆಯುವ ಹಾಗೂ ಇಲ್ಲ, ಹೊಡೆಯುವ ಮನಸ್ಸೂ ಇಲ್ಲ. ತಿಂಗಳಿಗೊಮ್ಮೆ ಆಕಾಶಕ್ಕೆ ಒಂದು ಢಂ. ಮಂಗಗಳು ಪಕ್ಕದ ಮನೆಯ ತೋಟಕ್ಕೆ ಹೋಗುತ್ತವೆ. ಅವರು ಒಂದು ಢಂ ಅನ್ನಿಸಿ ನಮ್ಮಲ್ಲಿಗೆ ಕಳಿಸುತ್ತಾರೆ. ನಮ್ಮ ಮದ್ದುಗುಂಡಿನ ಇತಿಹಾಸ ಇಷ್ಟೇ.

ಚುನಾವಣೆ ಬಂತೆಂದರೆ ಬೇರೆ ಕಡೆಯವರು ಯಾರಿಗೆ ಟಿಕೆಟ್ ಎಂದು ಕೇಳುತ್ತಾರೆ. ಮಲೆನಾಡಿನವರು ಕೋವಿ ಯಾವತ್ತು ಕೊಡಬೇಕಂತೆ ಎಂದು ಕೇಳುತ್ತೇವೆ. 2023ರ ವಿಧಾನಸಭೆಗೆ ಒಂದು ಸಲ ಠಾಣೆಗೆ ಹೋಗಿ ಬಂದಿತ್ತು. 2024ರ ಮಾರ್ಚ್ 16ಕ್ಕೆ ಲೋಕಸಭೆಯ ನೀತಿಸಂಹಿತೆ ಬಂತು, ಗೋಣಿಚೀಲ ಸುತ್ತಿಕೊಂಡು ಕೋವಿ ಮತ್ತೆ ಬೈಕು ಹತ್ತಿತು. ನಮ್ಮ ಶಿವಮೊಗ್ಗದ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ, ನೀತಿಸಂಹಿತೆ ಎದ್ದದ್ದು ಜೂನ್ 6ಕ್ಕೆ. ಅಷ್ಟೂ ದಿನ ಕೋವಿ ಠಾಣೆಯ ಮೂಲೆಯಲ್ಲಿ, ಮಂಗಗಳು ತೋಟದಲ್ಲಿ. ಅವಕ್ಕೆ ನೀತಿಸಂಹಿತೆ ಇಲ್ಲ. ಎಳೆ ಅಡಿಕೆ ಚೀಪಿ ಉಗಿದವು, ಬಾಳೆಗೊನೆ ಮುಗಿಸಿದವು, ಕೊನೆಕೊನೆಗೆ ಹೆಂಚಿನ ಮೇಲೆ ಕೂತು ಹೇನು ನೋಡಿಕೊಳ್ಳುತ್ತಿದ್ದವು.

ಕೋವಿ ಮನೆಗೆ ಬಂದದ್ದು ಮಳೆ ಹಿಡಿದ ಮೇಲೆ. ಟ್ರಿಗರಿಗೆ ದಾರ ಕಟ್ಟಿ ತೂಗಿಬಿಟ್ಟ ರಟ್ಟಿನ ಚೀಟಿ, ಹಿಡಿಯ ಮೇಲೆ ಬಿಳಿ ಪೇಂಟಿನಲ್ಲಿ ದಪ್ಪಗೆ 47, ಅದರ ಪಕ್ಕದಲ್ಲೇ ಇನ್ನೊಂದು ಕೋವಿ ಒರಗಿ ಬಿದ್ದು ಮಾಡಿದ ಗುಳಿ. ನಳಿಗೆಯ ಉದ್ದಕ್ಕೂ ಗಂಧ ಕುಂಕುಮ ಚಿಮುಕಿಸಿದ ಹಾಗೆ ತುಕ್ಕು. ಸಹಿ ಮಾಡಿಸಿಕೊಂಡ ಪೇದೆ ಬಹಳ ಕಾಳಜಿಯಿಂದ, ‘ಸ್ವಲ್ಪ ಎಣ್ಣೆಗಿಣ್ಣೆ ಹಾಕಿ ಇಟ್ಕೋಬೇಕು ಸರ್, ಹಿಂಗೆ ಬಿಟ್ರೆ ಹಾಳಾಗುತ್ತೆ’ ಎಂದ. ಏನು ಹೇಳಲಿ? ‘ಆಯ್ತು’ ಎಂದೆ.

ನಾನೇ ಹೊಸದು ಮಾಡುತ್ತೇನೆ ಎಂಬ ಹುಚ್ಚು ಹತ್ತಿದ್ದು ಒಂದು ವಿಡಿಯೊ ನೋಡಿ. ಅಮೆರಿಕದ ಒಬ್ಬ ತಾತ ತನ್ನ ಗ್ಯಾರೇಜಿನಲ್ಲಿ ಹಳೆಯ ವಿಂಚೆಸ್ಟರ್ ರೈಫಲ್ಲಿಗೆ ಮರುಜನ್ಮ ಕೊಡುತ್ತಿದ್ದ. 1894ರ ಮಾಡೆಲ್ಲು, ಜಾನ್ ಬ್ರೌನಿಂಗ್ ರೂಪಿಸಿದ್ದು. ಟ್ರಿಗರಿನ ಸುತ್ತ ಇರುವ ಲಿವರನ್ನು ಕೆಳಕ್ಕೆ ಎಳೆದು ಮೇಲಕ್ಕೆ ತಂದರೆ ಹಳೆ ತೋಟಾ ಹೊರಗೆ, ಹೊಸದು ಒಳಗೆ. ಕೌಬಾಯ್ ಸಿನಿಮಾಗಳಲ್ಲಿ ಕುದುರೆಯ ಮೇಲೆ ಕೂತವರು ಕಟಕ್ ಕಟಕ್ ಅನ್ನಿಸುತ್ತಾರಲ್ಲ, ಅದೇ ಜಾತಿ. ನಮ್ಮದು ನಡು ಮುರಿದು ಎರಡು ತೋಟಾ ತುಂಬುವ ನಿಧಾನಸ್ಥ. ಆದರೇನು, ಮರ ಮರವೇ, ಕಬ್ಬಿಣ ಕಬ್ಬಿಣವೇ ಅಂದುಕೊಂಡೆ. ತಾತ ಮರಕ್ಕೆ ಅಗಸೆ ಎಣ್ಣೆ ತೆಳ್ಳಗೆ ಸವರಿ, ‘ಒಂದು ರಾತ್ರಿ ಒಣಗಲು ಬಿಡಿ’ ಎಂದ. ಮುಂದಿನ ದೃಶ್ಯದಲ್ಲಿ ಬೇರೆ ಶರ್ಟು ಹಾಕಿಕೊಂಡು ಬಂದ. ಒಣಗಿತ್ತು.

ನಾನು ಮೋಸ ಹೋದದ್ದು ಆ ಶರ್ಟಿಗೆ. ತಾತನ ಊರಿಗೆ ಪುನರ್ವಸು ಮಳೆ ಇಲ್ಲ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಭರಣಿಯ ಉಪ್ಪು ನೀರಾಗುತ್ತದೆ, ಸೊಂಟದ ಬೆಲ್ಟಿಗೆ ಬೂಷ್ಟು ಬರುತ್ತದೆ, ಒಳಬಟ್ಟೆಗಳು ಬಚ್ಚಲೊಲೆಯ ಮೇಲೆ ಹೊಗೆ ಕುಡಿದು ಒಣಗಬೇಕು.

ಶುರುವೇನೋ ಚೆನ್ನಾಗಿಯೇ ಇತ್ತು. ಒಳಗೆ ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿ, ನಳಿಗೆ ಬೇರೆ, ಮುಂದಿನ ಮರ ಬೇರೆ, ಹಿಂದಿನ ಹಿಡಿ ಬೇರೆ ಮಾಡಿದೆ. 120, 220, 400 ನಂಬರಿನ ಉಪ್ಪುಕಾಗದ ತಂದು ಸರಿಯಾಗಿ ನಾಲ್ಕು ದಿನ ತಿಕ್ಕಿದೆ. ಠಾಣೆಯ 47 ಹೋಯಿತು. ಗುಳಿ ಹೋಗಲಿಲ್ಲ. ಅದಕ್ಕೆ ತಾತನ ಉಪಾಯ ಬೇರೆ: ಗುಳಿಯ ಮೇಲೆ ಒದ್ದೆ ಬಟ್ಟೆ ಇಟ್ಟು ಕಾದ ಇಸ್ತ್ರಿಪೆಟ್ಟಿಗೆ ಒತ್ತುವುದು. ಆವಿ ಒಳಗೆ ಇಳಿದು, ಅದುಮಿಕೊಂಡ ಮರದ ನಾರು ಉಬ್ಬಿ ಮೇಲೇಳುತ್ತದಂತೆ. ಹೆಂಡತಿ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಒತ್ತಿದೆ. ಚುಂಯ್ ಎಂದಿತು. ಬಟ್ಟೆ ತೆಗೆದರೆ ಗುಳಿ ಅರ್ಧ ತುಂಬಿತ್ತು. ಇನ್ನೆರಡು ಸಲ ಒತ್ತಿದೆ, ಬೆರಳು ಸವರಿದರೆ ಗುಳಿ ಎಲ್ಲಿತ್ತೆಂದೇ ತಿಳಿಯದು. ಅರವತ್ತು ವರ್ಷದ ಹಳೆಯ ಮರ ನೀರು ಕುಡಿದು ಎದ್ದು ಕೂತದ್ದನ್ನು ಕಣ್ಣಾರೆ ಕಂಡು ಮೈ ಜುಮ್ಮೆಂದಿತು. ಹೆಂಡತಿಗೂ ಜುಮ್ಮೆಂದಿತು, ಮರುದಿನ ಅದೇ ಪೆಟ್ಟಿಗೆಯಿಂದ ಕೆನೆಬಣ್ಣದ ರೇಷ್ಮೆ ರವಿಕೆಗೆ ಹಳೇ ವಾರ್ನಿಷ್ ಇಳಿದಾಗ.

ಎಣ್ಣೆ ತರುವಲ್ಲಿ ಎಡವಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಡಬ್ಬಿ ಇದ್ದವು. ಒಂದು ಬೇಯಿಸಿದ ಅಗಸೆ ಎಣ್ಣೆ, ಬೇಗ ಒಣಗಲು ಮದ್ದು ಬೆರೆಸಿದ್ದು. ಇನ್ನೊಂದು ಹಸಿ. ಹಸಿಯದು ಶುದ್ಧ, ಅಗ್ಗ. ಶುದ್ಧ, ಅಗ್ಗ ಎರಡೂ ಸೇರಿದಲ್ಲಿ ನಾನು ಸೋಲುತ್ತೇನೆ. ಸವರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ ಎಂದು ತಾತ ಎಚ್ಚರಿಸಿದ್ದ. ಅದು ನಿಜವೇ, ಹಾಗಾಗಿ ಒಗೆಯುವ ಕಲ್ಲಿನ ಮೇಲೆ ಹರವಿದೆ. ಬಚ್ಚಲೊಲೆಯೇ ಹೊತ್ತಿಕೊಳ್ಳದ ಆ ವಾರದಲ್ಲಿ, ತಾನಾಗಿ ಹೊತ್ತುವ ಬಟ್ಟೆ ಸಿಕ್ಕಿದರೆ ಹೆಂಡತಿ ಆರತಿ ಎತ್ತುತ್ತಿದ್ದಳು.

ಇನ್ನು ದೊಡ್ಡಪ್ಪನ ವಿಷಯ.

ದೊಡ್ಡಪ್ಪನಿಗೆ 81. ಕೆಳಗಿನ ಮನೆ. ದಿನಾ ಹತ್ತು ಗಂಟೆಗೆ ಕೊಡೆ ಮಡಚಿ ಜಗಲಿಗೆ ಬಂದು, ಕಾಫಿ ಕುಡಿದು, ಪೇಪರು ಓದಿ, ಎಲೆಯಡಿಕೆ ಹಾಕಿ ಹೋಗುತ್ತಾರೆ. ಬಂಗಾರದಂಥ ಮನುಷ್ಯ. ಆದರೆ ಒಣಗಲು ಇಟ್ಟ ಯಾವುದನ್ನೂ ಮುಟ್ಟದೆ ಇರಲಾರರು. ನಮ್ಮ ಮನೆಯ ಕಾವಿನೆಲದಲ್ಲಿ ನಡುಮನೆಯ ಹೊಸಿಲ ಹತ್ತಿರ ಅವರ ಕಾಲಿನ ಹೆಬ್ಬೆರಳಿದೆ, ನಾನು ಹುಟ್ಟುವ ಮೊದಲಿನದು. ಗೇಟಿನ ಹಸಿರು ಬಣ್ಣದಲ್ಲಿ ಮೂರು ಬೆರಳಿದೆ. ಸಿಮೆಂಟಿನ ಮೆಟ್ಟಿಲಲ್ಲಿ ಕೊಡೆಯ ತುದಿ ಇದೆ. ಪ್ರತಿ ಬೇಸಿಗೆ ಚಾಪೆಯ ಮೇಲಿನ ಹಲಸಿನ ಹಪ್ಪಳದಲ್ಲಿ ಒಂದಕ್ಕಾದರೂ ನಡುವೆ ಕುಳಿ ಬಿದ್ದಿರುತ್ತದೆ. ಕರಿದ ಮೇಲೂ ಗೊತ್ತಾಗುತ್ತದೆ. ನನ್ನ ಮದುವೆಯಲ್ಲಿ ಹಸೆಗೆ ಕೂರುವ ಹುಡುಗಿಯ ಅಂಗೈಯ ಮದರಂಗಿಯನ್ನೇ, ‘ಒಣಗಿತೇನೇ?’ ಎಂದು ಒತ್ತಿ ನೋಡಿದವರು. ಹೆಂಡತಿ ಅದನ್ನು ಇನ್ನೂ ಮರೆತಿಲ್ಲ. ಅವಳು ಯಾವುದನ್ನೂ ಮರೆಯುವುದಿಲ್ಲ, ಆ ಮಾತು ಬೇರೆ.

ಮೊದಲ ಕೈ ಎಣ್ಣೆ ಹಚ್ಚಿ ಹಿಡಿಯನ್ನು ಜಗಲಿಯ ಗೂಟಕ್ಕೆ ನೇತು ಹಾಕಿದ್ದೆ. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು. ‘ಒಣಗಿತೇನೋ?’ ಎಂದರು. ‘ಇಲ್ಲ ದೊಡ್ಡಪ್ಪ’ ಎನ್ನುವಷ್ಟರಲ್ಲಿ ಹೆಬ್ಬೆರಳು ಊರಿಯಾಗಿತ್ತು. ‘ಇಲ್ವಲ್ಲೋ ಮಾರಾಯ!’ ಎಂದು ನನ್ನನ್ನೇ ಗದರಿ, ಬೆರಳನ್ನು ಕಂಬಕ್ಕೆ ಒರೆಸಿದರು. ನೋಡಿದೆ: ಎಲೆಗೆ ಹಚ್ಚಿದ ಸುಣ್ಣದ ಸಮೇತ ಅಚ್ಚು, ಗೆರೆ ಗೆರೆ ಎಣಿಸಬಹುದು, ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲೂ ಅಷ್ಟು ಸ್ಪಷ್ಟವಾಗಿ ಬೀಳುವುದಿಲ್ಲ. ತಿಕ್ಕಿ ತೆಗೆದು ಮತ್ತೆ ಹಚ್ಚಿದೆ. ಮರುದಿನ ಹತ್ತು ಗಂಟೆಗೆ ಮತ್ತೆ, ‘ಇವತ್ತಾದ್ರೂ ಒಣಗಿತೇನೋ?’ ಈ ಸಲ ಬೆರಳು ಒರೆಸಿದ್ದು ಪೇಪರಿಗೆ. ಕ್ರೀಡಾಪುಟ ಸಂಪಾದಕೀಯಕ್ಕೆ ಅಂಟಿತು. ಅಟ್ಟದಲ್ಲಿ ಇಟ್ಟೆ, ‘ಎಲ್ಲೋ ಅದು?’ ಎಂದು ಏಣಿ ಹತ್ತಿದರು, 81ನೇ ವಯಸ್ಸಿನಲ್ಲಿ, ಬರಿಗಾಲಲ್ಲಿ. ಬಿದ್ದುಗಿದ್ದರೆ ಕಷ್ಟವೆಂದು ನಾನೇ ಕೆಳಗೆ ತಂದು ‘ಮುಟ್ಟಬಾರದು’ ಎಂದು ಚೀಟಿ ಅಂಟಿಸಿದೆ. ಅಂಟು ಬೇಕಾಗಲಿಲ್ಲ, ಅದೇ ಹಿಡಿದುಕೊಂಡಿತು. ದೊಡ್ಡಪ್ಪ ಚೀಟಿಯನ್ನು ಅಕ್ಷರ ಬಿಡದೆ ಓದಿದರು. ‘ಎಂಥಕ್ಕೆ ಮುಟ್ಟಬಾರ್ದು? ಒಣಗ್ಲಿಲ್ವಾ?’ ಎಂದು ಮುಟ್ಟಿದರು.

ತಡೆಯಲಾರದೆ ಕೊಡಗಿನ ಗೆಳೆಯನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ತಪ್ಪು ಮಾಡಿದೆ. ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ, ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಒರೆಸಿ, ನಳಿಗೆಯ ತುದಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ತೋಕ್‌ಪೂ ಎಂದರೆ ನಮ್ಮ ಬೇಲಿಯಲ್ಲಿ ಬಿಡುವ ಗೌರಿಹೂವೇ, ಬೆಂಕಿ ನಾಲಿಗೆಯಂಥ ಎಸಳಿನದು. ಅವನ ಕೋವಿಗೆ ಹೂ, ನನ್ನದಕ್ಕೆ ಹೆಬ್ಬೆಟ್ಟು. ಅವನು ನಗು ನಿಲ್ಲಿಸುವ ಮೊದಲೇ ಫೋನ್ ಇಟ್ಟೆ.

ಮರ ಸಾಕು, ಕಬ್ಬಿಣ ನೋಡೋಣ ಎಂದು ನಳಿಗೆಗೆ ಕೈ ಹಾಕಿದೆ. ಅದು ಒಣಗುವ ವಸ್ತುವಲ್ಲವಲ್ಲ, ನಿಶ್ಚಿಂತೆ. ಸ್ಟೀಲ್ ವುಲ್ಲಿಗೆ ಎಣ್ಣೆ ಹಾಕಿ ತುಕ್ಕು ತೆಗೆದೆ. ತೆಗೆಯುತ್ತಾ ತೆಗೆಯುತ್ತಾ ಉಮೇದು ಹೆಚ್ಚಿ ಅಡಿಭಾಗಕ್ಕೂ ಹೋದೆ, ಅಲ್ಲಿ ಕೊರೆದ ನಂಬರಿನ ಕೊನೆಯ 8 ಮಸುಕಾಗಿ 3ರ ಹಾಗೆ ಕಂಡಾಗ ಎದೆ ಧಸಕ್ ಎಂದಿತು. ಕೋವಿಯ ನಂಬರು ಅಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಲೈಸೆನ್ಸಿನಲ್ಲಿ 8, ಕೋವಿಯಲ್ಲಿ 3, ಜೈಲಿನಲ್ಲಿ ನಾನು. ಮಗಳ ಸೀಮೆಸುಣ್ಣ ಪುಡಿ ಮಾಡಿ ಉಜ್ಜಿ, ಟಾರ್ಚು ಅಡ್ಡ ಹಿಡಿದು ನೋಡಿದರೆ 8ರ ಎಡಗಡೆ ಇನ್ನೂ ಇತ್ತು. ಆ ರಾತ್ರಿ ಮೂರು ಸಲ ಎದ್ದು ಟಾರ್ಚು ಹಿಡಿದೆ.

ಬೆಳಗ್ಗೆ ಮಳೆ ಹೊಳವಾಗಿತ್ತು, ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ನೋಡುವವರು ದೊಡ್ಡಪ್ಪನೇ: ದ್ರಾವಣಕ್ಕೆ ಕತ್ತಿ ಅದ್ದಿ ತೆಗೆಯುತ್ತಾರೆ, ಅಲಗು ಕೆಂಪಾದರೆ ಸುಣ್ಣ ಸಾಲದು. ಮೈಲುತುತ್ತದ ತಾಮ್ರ ಕಬ್ಬಿಣದ ಮೇಲೆ ಕೂರುವ ಲಕ್ಷಣ ಅದು. ಹದ ನೋಡಿ, ಕೈ ಪಂಚೆಗೆ ಒರೆಸಿಕೊಂಡು, ಕಾಫಿಗೆಂದು ಜಗಲಿಗೆ ಬಂದರು. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದ ನಳಿಗೆ ಕಂಡಿತು.

‘ಇದು ಒಣಗಿತೇನೋ?’

ಕಬ್ಬಿಣ! ಕಬ್ಬಿಣ ಒಣಗುವುದೆಂದರೇನು! ಬಾಯಿ ಬಿಡುವಷ್ಟರಲ್ಲಿ ನಾಲ್ಕು ಬೆರಳು, ಒಂದು ಹೆಬ್ಬೆರಳು, ಪೂರಾ ಹಿಡಿತ. ಕೈ ತೆಗೆದಾಗ ನನ್ನ ಕಣ್ಣೆದುರೇ ಐದು ಬೆರಳು ನಿಧಾನಕ್ಕೆ ಕೆಂಪಾಗುತ್ತಾ ಮೂಡಿದವು, ಹೊಸ ತಾಮ್ರದ ಚೊಂಬಿನ ಬಣ್ಣ. ದೊಡ್ಡಪ್ಪ ಬಗ್ಗಿ ನೋಡಿ, ‘ಸುಣ್ಣ ಸಾಲದು’ ಎಂದು ತೋಟಕ್ಕೆ ಓಡಿದರು.

ಕಪ್ಪುಬಣ್ಣ ಬರಿಸುವ ಉಪಾಯವನ್ನು ಹೇಳಿದವರೂ ಅವರೇ ಎಂಬುದು ನನ್ನ ನಿಜವಾದ ಸಿಟ್ಟು. ತಾತನ ಲೆಕ್ಕದಲ್ಲಿ ನಳಿಗೆಗೆ ಬೇಕೆಂದೇ ತುಕ್ಕು ಹಿಡಿಸಿ, ನೀರಲ್ಲಿ ಕುದಿಸಿ, ಕೆಂಪು ಕಪ್ಪಾದ ಮೇಲೆ ಉಜ್ಜಿ, ಅದನ್ನೇ ಏಳೆಂಟು ಸಲ ಮಾಡಬೇಕು. ದೊಡ್ಡಪ್ಪ, ‘ಚೊಗರು ಹಚ್ಚೋ’ ಎಂದರು. ಅಡಿಕೆ ಬೇಯಿಸಿದ ಚೊಗರು ಡ್ರಮ್ಮಿನಲ್ಲಿ ಇತ್ತು. ಸುಗ್ಗಿಯಲ್ಲಿ ಸುಲಿಯುವವರ ಬೆರಳು, ಮೆಟ್ಟುಗತ್ತಿಯ ಅಲಗು ಎರಡೂ ಕಪ್ಪಾಗುವುದು ಇದರಿಂದಲೇ ಅಲ್ಲವೆ? ಅಡಿಕೆಯ ಒಗರು ಕಬ್ಬಿಣಕ್ಕೆ ಸೇರಿದರೆ ಶಾಯಿ. ತಾಮ್ರವನ್ನೆಲ್ಲ ಉಜ್ಜಿ ತೆಗೆದು ಮೂರು ಕೈ ಹಚ್ಚಿದೆ. ವಿಂಚೆಸ್ಟರಿನ ನೀಲಿಯೇನೂ ಬರಲಿಲ್ಲ, ಹಳೆಯ ದೋಸೆಕಾವಲಿಯ ಮಂಕು ಕಪ್ಪು ಬಂತು. ನನಗೆ ಅದೇ ಹಿಡಿಸಿತು.

ಹಿಡಿಸದ್ದು ಇನ್ನೊಂದು. ಹಿಡಿಯ ಎಡಗಡೆ, ಗುರಿಯಿಡುವಾಗ ಕೆನ್ನೆ ತಾಗುವಲ್ಲಿ, ಒಂದು ನುಣುಪು ಇತ್ತು. ವಾರ್ನಿಷ್ ಸವೆದು, ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ಅಜ್ಜನ ಕೆನ್ನೆಯದು. ಚಿಕ್ಕವನಿದ್ದಾಗ ನಾನೂ ಅಲ್ಲಿ ಕೆನ್ನೆ ಇಟ್ಟು ನೋಡುತ್ತಿದ್ದೆ, ತಂಬಾಕಿನ ವಾಸನೆ ಬರುತ್ತಿತ್ತು. ಠಾಣೆಯ 47 ತೆಗೆಯುವ ಸಿಟ್ಟಿನಲ್ಲಿ 120ರ ಕಾಗದ ಹಿಡಿದು ಹಿಡಿಯ ಎರಡೂ ಮಗ್ಗುಲು ಒಂದೇ ಸಮ ಮಾಡಿಬಿಟ್ಟಿದ್ದೇನೆ. ಆಚೆಮೊನ್ನೆ ರಾತ್ರಿ ಸುಮ್ಮನೆ ಕೆನ್ನೆ ತಾಗಿಸಿದೆ. ಅಗಸೆ ಎಣ್ಣೆಯ ವಾಸನೆ, ಮತ್ತೆ ಅಂಟು.

ನಿನ್ನೆ, ಮೊನ್ನೆ ದೊಡ್ಡಪ್ಪನಿಗೆ ಶೀತ, ಬರಲಿಲ್ಲ. ಹಿಡಿ ಎರಡು ದಿನ ಯಾರೂ ಮುಟ್ಟದೆ ಒಲೆಯ ಅಟ್ಟದ ಕೆಳಗೆ ತೂಗಿತು. ಇವತ್ತು ಬೆಳಗ್ಗೆ ನೋಡಿದರೆ ಗಾಜಿನ ಹಾಗೆ, ಒಂದು ಗೆರೆ ಇಲ್ಲ, ಒಂದು ಕೂದಲಿಲ್ಲ. ಖಂಡಿತ ಒಣಗಿದೆ. ಒಣಗಿರಲೇಬೇಕು. ಸುತ್ತ ಯಾರೂ ಇರಲಿಲ್ಲ.

ಹತ್ತು ಗಂಟೆಗೆ ಮಫ್ಲರ್ ಸುತ್ತಿಕೊಂಡು ದೊಡ್ಡಪ್ಪ ಬಂದರು. ಹಿಡಿಯನ್ನು ಬೆಳಕಿಗೆ ತಿರುಗಿಸಿದರು. ಅಚ್ಚಿನ ಪಕ್ಕದಲ್ಲಿ, ತಾಗಿಸದೆ, ತಮ್ಮ ಹೆಬ್ಬೆರಳು ಹಿಡಿದು ಬಹಳ ಹೊತ್ತು ಹೋಲಿಸಿ ನೋಡಿದರು.

‘ಇದು ನಂದಲ್ಲ’ ಎಂದರು.