ಬೆರಳಿನ ಮೇಲಿನ ಗೀರು

ಮೊನ್ನೆ ಬೆಳಗಾವಿಯ ಒಂದು ಕಾರ್ಯಕ್ರಮದಲ್ಲಿ ನಿರೂಪಕರು ಸಿತಾರ ವಾದಕರೊಬ್ಬರನ್ನು ಪರಿಚಯಿಸುತ್ತಾ, "ಇವರಿಗೆ ಸಂಗೀತ ರಕ್ತದಲ್ಲೇ ಬಂದಿದೆ" ಎಂದರು. ಚಪ್ಪಾಳೆ ಬಿತ್ತು. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಾನು ಎಂಟು ವರ್ಷ ಪ್ರತಿ ಭಾನುವಾರ ಬಸ್ ಹಿಡಿದು ಧಾರವಾಡಕ್ಕೆ ಹೋಗಿ ಸಿತಾರ ಕಲಿತವನು. ನಮ್ಮ ಗುರುಗಳದು ಸಂಗೀತದ ಮನೆತನ. ಮೊದಲ ದಿನ ಅವರು ವಾದ್ಯ ಮುಟ್ಟಗೊಡಲಿಲ್ಲ, ತಮ್ಮ ಎಡಗೈ ಚಾಚಿ ತೋರಿಸಿದರು. ತೋರುಬೆರಳು ಮತ್ತು ನಡುಬೆರಳಿನ ತುದಿಯಲ್ಲಿ ಒಂದೊಂದು ಕಪ್ಪು ಗೀರು. ಮೀಂಡ್ ತೆಗೆಯಲು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು, ತಂತಿಯನ್ನು ಎಳೆದೆಳೆದು ಕೊರೆದದ್ದು. ಪಕ್ಕದಲ್ಲಿ, ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಪುಟ್ಟ ಡಬ್ಬಿ. ಚಿಕ್ಕಂದಿನಲ್ಲಿ ಬೆರಳು ಒಡೆದು ರಕ್ತ ಬಂದರೂ ಅವರ ತಂದೆ ಏಳಗೊಡುತ್ತಿರಲಿಲ್ಲವಂತೆ. ಅಡುಗೆಮನೆಯಿಂದ ತಾಯಿ, "ನಿಷಾದ ಇಳಿಯಿತು, ಮತ್ತೆ ಎಳೆಯಪ್ಪಾ" ಎಂದು ಕೂಗುತ್ತಿದ್ದರಂತೆ. ಮನೆತನ ಕೊಡುವುದು ಇದನ್ನೇ: ತಪ್ಪು ಹಿಡಿಯುವ ಕಿವಿ ಮನೆಯ ತುಂಬ ಇರುತ್ತದೆ. ಆದರೆ ಪರಂಪರೆಯ ಪಟ್ಟಿ ಓದುವಾಗ ಆ ತಾಯಿಯ ಹೆಸರನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಧಾರವಾಡದ ಸಿತಾರ ಎಂದರೆ ನೆನಪಾಗುವವರು ರುದ್ರವೀಣೆಯ ಬಂದೇ ಅಲಿ ಖಾನರ ಶಿಷ್ಯ ರಹಿಮತ್ ಖಾನರು. ಅವರ ಮೊಮ್ಮಗ ಬಾಲೇ ಖಾನರೂ (1942–2007), ಬಾಲೇ ಖಾನರ ತಮ್ಮಂದಿರೂ ಸಿತಾರ ವಾದಕರೇ. ಅಜ್ಜನ ಹೆಸರು ಬಾಗಿಲು ತೆರೆಸಿರಬಹುದು. ಒಳಗೆ ಹೋದ ಮೇಲೆ ಪ್ರತಿ ಸ್ವರವನ್ನೂ ಸ್ವಂತ ಬೆರಳಿನಿಂದಲೇ ಎಳೆಯಬೇಕು. ಜೊತೆಗೆ, "ಅಜ್ಜನಷ್ಟಿಲ್ಲ" ಎಂಬ ಮಾತನ್ನು ಜೀವನವಿಡೀ ಕೇಳಬೇಕು.

ಅಂದಿನ ಕಾರ್ಯಕ್ರಮದ ವಿಷಯಕ್ಕೆ ಬರುತ್ತೇನೆ. ಭಾಷಣಗಳಿಗೆ ಒಂದೂವರೆ ಗಂಟೆ, ಸಿತಾರಕ್ಕೆ ಇಪ್ಪತ್ತೈದು ನಿಮಿಷ. ಹೊರಗೆ ನಮ್ಮೂರಿನ ಬಿಡದ ಮಳೆ, ತೇವಕ್ಕೆ ಶ್ರುತಿ ನಿಲ್ಲುತ್ತಿರಲಿಲ್ಲ. ಸಿತಾರದಲ್ಲಿ ಮೇಲೆ ಆರೇಳು ತಂತಿ, ಅವುಗಳ ಕೆಳಗೆ ತಾವಾಗಿಯೇ ಅನುರಣಿಸುವ ಹನ್ನೊಂದೋ ಹದಿಮೂರೋ ತರಫ್ ತಂತಿಗಳು. ರಾಗ ಬದಲಾದರೆ ತರಫ್‌ಗಳನ್ನೂ ಆ ರಾಗದ ಸ್ವರಗಳಿಗೆ ಹೊಂದಿಸಬೇಕು. ವಾದಕರು ಕಿವಿಗೊಟ್ಟು ಒಂದೊಂದೇ ಬಿರಡೆ ತಿರುಗಿಸುತ್ತಿದ್ದರೆ ಸಂಘಟಕರೊಬ್ಬರು ಬದಿಯಿಂದ ಗಡಿಯಾರ ತೋರಿಸುತ್ತಿದ್ದರು. ಪಕ್ಕದ ಮಿರಜ್‌ನ ಸಿತಾರಕ್ಕೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದನ್ನು ನುಡಿಸುವವರಿಗೆ ಶ್ರುತಿ ಮಾಡಿಕೊಳ್ಳಲು ಹತ್ತು ನಿಮಿಷ ಕೊಡಲಾರೆವೇ? ದಯವಿಟ್ಟು ಸಂಘಟಕರು ಒಂದು ಭಾಷಣ ಕಡಿಮೆ ಮಾಡಲಿ.

ಆ ವಾದಕರು ಗಡಿಯಾರದ ಕಡೆ ನೋಡಲಿಲ್ಲ. ಕೊನೆಯ ತರಫ್ ತಂತಿಯೂ ಕೂಡುವವರೆಗೆ ಕಾಯ್ದು, ಉಳಿದ ಸಮಯದಲ್ಲಿ ಯಮನ್ ರಾಗದ ಆಲಾಪ ಮಾತ್ರ ನುಡಿಸಿದರು. ಹಿಂದೆ ತಂಬೂರಿ ಹಿಡಿದು ಅವರ ಮಗಳು ಕುಳಿತಿದ್ದಳು. ಹತ್ತು ಹನ್ನೊಂದು ವರ್ಷವಿರಬಹುದು. ಎಡಗೈಯ ತೋರುಬೆರಳಿಗೆ ಬ್ಯಾಂಡೇಜ್ ಸುತ್ತಿತ್ತು.