ಫಲಿತಾಂಶ ಚೆನ್ನಾಗಿದೆಯಂತೆ, ಅದಕ್ಕೇ ದುಡ್ಡು ಬೇಡವಂತೆ!

ಈ ವರ್ಷವೂ ನಮ್ಮ ಸರ್ಕಾರಿ ಶಾಲೆಯ ಫಲಿತಾಂಶ ಚೆನ್ನಾಗಿ ಬಂತು. ದುಬಾರಿ ಫೀಸಿನ ಶಾಲೆಗಳಿಗಿಂತ ನಮ್ಮವರ ಅಂಕವೇ ಜಾಸ್ತಿ. ಖುಷಿಯಾಗಬೇಕು, ಅಲ್ವಾ? ನನಗೆ ಹೊಟ್ಟೆ ಉರಿಯುತ್ತಿದೆ. ಲ್ಯಾಬಿಗೆ ಸಾಮಾನು ಕೊಡಿ ಅಂತ ಹೆಡ್‌ಮಾಸ್ಟರು ಮೂರನೇ ಸಲ ಅರ್ಜಿ ಬರೆದಿದ್ದರು. ಮೇಲಿನವರ ಉತ್ತರ ಹೀಗಿತ್ತು: "ಇರುವುದರಲ್ಲೇ ಇಷ್ಟು ಚೆನ್ನಾಗಿ ಓದುತ್ತಿದ್ದಾರಲ್ಲ, ಇನ್ನೇನು ಬೇಕು?"

ಬೇಕು. ತುಂಬಾ ಬೇಕು.

ನಮ್ಮ ತರಗತಿಯಲ್ಲಿ 62 ಮಂದಿ. ಬ್ಯುರೆಟ್, ಅಂದರೆ ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ, ಇರುವುದು ಎರಡು. ಅದರಲ್ಲಿ ಒಂದು ಸೋರುತ್ತದೆ. ಟೈಟ್ರೇಶನ್ ಅಂದರೆ ಆಮ್ಲ ಎಷ್ಟು ಗಾಢವಾಗಿದೆ ಅಂತ ಕ್ಷಾರ ಬಿಟ್ಟು ಅಳೆಯುವ ಪ್ರಯೋಗ, ಒಂದೊಂದು ಹನಿಯ ಲೆಕ್ಕ. ಆಮ್ಲಕ್ಕೆ ಫಿನಾಲ್ಫ್ತಲೀನ್ ಅನ್ನುವ, ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ ಹಾಕಿ, ಮೇಲಿಂದ ಕ್ಷಾರ ಬಿಡುತ್ತಾ ಹೋಗಬೇಕು. ದ್ರಾವಣ ತೆಳು ಗುಲಾಬಿಗೆ ತಿರುಗಿದ ಕೂಡಲೇ ನಿಲ್ಲಿಸಬೇಕು. ಕೈ ಸ್ವಲ್ಪ ತಡವಾದರೆ ಕಡು ಗುಲಾಬಿ, ಲೆಕ್ಕವೆಲ್ಲ ತಪ್ಪು. ಇದು ಕೈಯಲ್ಲಿ ಮಾಡಿಯೇ ಬರಬೇಕಾದ ವಿದ್ಯೆ. ನಮಗೆ ಆಗುವುದೇನು? ಮೇಡಂ ಮಾಡಿ ತೋರಿಸುತ್ತಾರೆ. ಮುಂದಿನ ಎರಡು ಸಾಲಿಗೆ ಕಾಣುತ್ತದೆ. ಉಳಿದವರು ಬೋರ್ಡಿನಿಂದ ರೀಡಿಂಗ್ ಬರೆದುಕೊಳ್ಳುತ್ತೇವೆ. ರೆಕಾರ್ಡ್ ಪುಸ್ತಕದಲ್ಲಿ ಮಾತ್ರ ಅದು ನಾವೇ ಮಾಡಿದ ಪ್ರಯೋಗ. ಆ ಫಿನಾಲ್ಫ್ತಲೀನ್ ಕೂಡ ಮೇಡಂ ಸ್ವಂತ ದುಡ್ಡಲ್ಲಿ ತಂದದ್ದು.

ಹಾಗಾದರೆ ಅಂಕ ಎಲ್ಲಿಂದ ಬರುತ್ತದೆ? ನಮ್ಮ ಮೇಷ್ಟ್ರುಗಳಿಂದ. ಸಂಜೆ ಎಲ್ಲರೂ ಹೋದ ಮೇಲೂ ಕೂತು ಲೆಕ್ಕ ಬಿಡಿಸುತ್ತಾರೆ. ಭೌತಶಾಸ್ತ್ರದ ಮೇಷ್ಟ್ರು ಒಂದು ದಿನ ದಾರಕ್ಕೆ ಕಲ್ಲು ಕಟ್ಟಿ ಕಿಟಕಿಗೆ ತೂಗುಹಾಕಿದರು. ಉದ್ದ 1 ಮೀಟರ್. 20 ಸಲ ತೂಗಾಡಲು ಸುಮಾರು 40 ಸೆಕೆಂಡ್ ಹಿಡಿಯಿತು. ಇನ್ನೂ ಭಾರದ ಕಲ್ಲು ಕಟ್ಟಿ, ಉದ್ದ ಅಷ್ಟೇ ಇಟ್ಟರು. ಆಗಲೂ ಅಷ್ಟೇ ಹೊತ್ತು. ತರಗತಿಯೆಲ್ಲ ಕೂಗಿಕೊಂಡೆವು. ಅಂಥ ಮೇಷ್ಟ್ರು ಎಲ್ಲರಿಗೂ ಸಿಗುವುದಿಲ್ಲ, ನನಗೆ ಗೊತ್ತು. ಆದರೆ ದಾರ, ಕಲ್ಲು ಸೇರಿಸಿ ಮೈಕ್ರೋಸ್ಕೋಪ್ ಮಾಡಲು ಅವರಿಗೂ ಆಗುವುದಿಲ್ಲ. ಜೀವಕೋಶವನ್ನು ನಾನು ಇವತ್ತಿಗೂ ಚಿತ್ರದಲ್ಲೇ ನೋಡಿರುವುದು. ಅದರ ಭಾಗಗಳನ್ನು ಗುರುತಿಸಿ ಪೂರ್ತಿ ಅಂಕ ತೆಗೆದಿದ್ದೇನೆ.

ಗೋಡೆಯ ಭೂಪಟದಲ್ಲಿ ಸುಡಾನ್ ಇನ್ನೂ ಒಂದೇ ದೇಶ. ದಕ್ಷಿಣ ಸುಡಾನ್ ಬೇರೆಯಾದದ್ದು 2011ರಲ್ಲಿ! ಧಾತುಗಳ ಚಾರ್ಟಿನಲ್ಲಿ ಏಳನೇ ಸಾಲು ಅರ್ಧಕ್ಕೇ ನಿಂತಿದೆ. 113, 115, 117, 118ನೇ ಧಾತುಗಳಿಗೆ 2016ರಲ್ಲೇ ಹೆಸರು ಬಂತು. ನಾವೇ ಬಿಳಿ ಹಾಳೆಯಲ್ಲಿ ಬರೆದು ಅಂಟಿಸಿದೆವು. ಮಳೆ ಸೋರಿ ಅದೂ ಕಿತ್ತುಬಂತು.

ಶೌಚಾಲಯದ ಮಾತು ಎತ್ತಿದರೆ ಅಳು ಬರುತ್ತದೆ. ನೀರಿಲ್ಲ, ಒಂದು ಬಾಗಿಲಿಗೆ ಚಿಲಕವಿಲ್ಲ. ಹುಡುಗಿಯರು ಬೆಳಗ್ಗಿನಿಂದ ನೀರೇ ಕುಡಿಯದೆ ಕೂರುತ್ತೇವೆ. ಮೂರು ಗಂಟೆ ಪರೀಕ್ಷೆ ಬರೆಯುವಾಗ ತಲೆ ಸಿಡಿಯುತ್ತದೆ. ಆ ಅಂಕವನ್ನೇ ತೋರಿಸಿ "ಎಲ್ಲ ಸರಿಯಿದೆ" ಅನ್ನುತ್ತೀರಾ?

ದೇಶಗಳು ತಮ್ಮ ಸರ್ಕಾರಿ ಖರ್ಚಿನಲ್ಲಿ ಕನಿಷ್ಠ ಶೇ 15ರಿಂದ 20ರಷ್ಟನ್ನು ಶಿಕ್ಷಣಕ್ಕೆ ಇಡಬೇಕು ಅಂತ ಯುನೆಸ್ಕೊದ ಮುಂದಾಳತ್ವದಲ್ಲಿ 2015ರಲ್ಲೇ ಮಾತಾಗಿದೆ. ತರಗತಿಯಲ್ಲಿ ಇದನ್ನು ಕೇಳುವಾಗ ನನ್ನ ಬೆಂಚಿನ ಪಕ್ಕ ಬಕೆಟ್ ಇತ್ತು, ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರುವುದು ಹೊಗಳಿಕೆ ಕೇಳಿದಾಗ. ಕಾರ್ಯಕ್ರಮಕ್ಕೆ ಬಂದ ಅತಿಥಿಗಳೆಲ್ಲ "ಕಲ್ಲಿನಲ್ಲಿ ಅರಳಿದ ಹೂವುಗಳು" ಅನ್ನುತ್ತಾರೆ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಸ್ವಾಮಿ, ಆ ಕಲ್ಲನ್ನು ತೆಗೆಯಬೇಕಾದವರು ನೀವೇ ಅಲ್ವಾ? ನಮ್ಮ ಜೊತೆ ಓದಿ ಅರ್ಧಕ್ಕೇ ಬಿಟ್ಟುಹೋದವರು ಇದ್ದಾರೆ. ಅವರು ದಡ್ಡರಾಗಿರಲಿಲ್ಲ. ಒಬ್ಬಳಂತೂ ಲೆಕ್ಕದಲ್ಲಿ ನನಗಿಂತ ಚುರುಕು. ನಿಮ್ಮ ಫಲಿತಾಂಶದ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ, ಪರೀಕ್ಷೆಗೇ ಕೂತಿಲ್ಲವಲ್ಲ.

ನಾಳೆ ಪ್ರಾಕ್ಟಿಕಲ್ ಪರೀಕ್ಷೆ. ಮೊದಲ ಸಲ ನಾನೇ ಬ್ಯುರೆಟ್ ಹಿಡಿಯಬೇಕು. ಸೋರದ ಬ್ಯುರೆಟ್ ನನ್ನ ಪಾಲಿಗೆ ಬರಲಿ ಅಂತ ಕಾಯುತ್ತಾ ಕೂತಿದ್ದೇನೆ.