ನನ್ನ ಪಟ್ಟಿಯಲ್ಲಿ ನೆಪೋಲಿಯನ್‌ಗಿಂತ ಸ್ಲಿಮ್ ಮೇಲೆ

ಇತಿಹಾಸದ ಮಹಾ ಸೇನಾಪತಿ ಯಾರು ಅಂತ ಕೇಳಿದರೆ ಹೆಸರುಗಳು ತಾವಾಗಿಯೇ ಬಾಯಿಗೆ ಬರುತ್ತವೆ. ಅಲೆಕ್ಸಾಂಡರ್, ಹ್ಯಾನಿಬಲ್, ಚೆಂಗಿಸ್ ಖಾನ್, ನೆಪೋಲಿಯನ್. ನೆಪೋಲಿಯನ್ 1812ರಲ್ಲಿ ಲಕ್ಷಗಟ್ಟಲೆ ಜನರನ್ನು ರಷ್ಯಾಕ್ಕೆ ಕರೆದುಕೊಂಡು ಹೋಗಿ ಹಸಿವು, ಚಳಿ, ಟೈಫಸ್ ಬಾಯಿಗೆ ಹಾಕಿ ಬಂದ. ಆದರೂ ಪಟ್ಟಿಯಲ್ಲಿ ಅವನ ಜಾಗ ಗಟ್ಟಿ. ನನಗೆ ಇದು ಒಪ್ಪಿಗೆಯಿಲ್ಲ. ಗುಂಡು ಹಾರದ ದಿನಗಳಲ್ಲಿ ತನ್ನ ಸೈನಿಕರನ್ನು ಹೇಗೆ ನೋಡಿಕೊಂಡ? ಸೋತ ಮೇಲೆ ಏನು ಬದಲಾಯಿಸಿದ? ನಾನು ನೋಡುವುದು ಇವೆರಡನ್ನೇ. ಹಾಗೆ ನೋಡಿದರೆ ಮೊದಲು ಬರುವ ಹೆಸರು ಬ್ರಿಟಿಷ್ ಜನರಲ್ ವಿಲಿಯಂ ಸ್ಲಿಮ್.

ಈ ಹೆಸರು ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ (ಈಗಿನ ಮ್ಯಾನ್ಮಾರ್) ಅವನ ಕೈಕೆಳಗಿದ್ದ ಹದಿನಾಲ್ಕನೇ ಸೇನೆಯಲ್ಲಿ ಹೆಚ್ಚಿನವರು ಭಾರತೀಯರೇ, ಆದರೂ. ಸ್ಲಿಮ್ ಶ್ರೀಮಂತರ ಮನೆಯವನಲ್ಲ. ಶಾಲೆಯಲ್ಲಿ ಪಾಠ ಹೇಳಿ, ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿ, 1914ರ ಯುದ್ಧ ಬಂದಾಗ ಸೈನ್ಯ ಸೇರಿದ. ಆಮೇಲೆ ಗೂರ್ಖಾ ಪಡೆಗೆ ಬಂದ. ಸಂಬಳ ಸಾಲದೆ ಬೇರೆ ಹೆಸರಿನಲ್ಲಿ ಪತ್ರಿಕೆಗಳಿಗೆ ಕಥೆಯನ್ನೂ ಬರೆಯುತ್ತಿದ್ದ!

1942ರ ಮಾರ್ಚ್‌ನಲ್ಲಿ ಅವನನ್ನು ಬರ್ಮಾಕ್ಕೆ ಕಳಿಸಿದಾಗ ರಂಗೂನ್ ಆಗಲೇ ಜಪಾನೀಯರ ಪಾಲಾಗಿತ್ತು. ಜಪಾನೀಯರು ಕಾಡಿನೊಳಗಿಂದ ಬಂದು ಹಿಂದಿನ ರಸ್ತೆ ಕಟ್ಟುವುದು, ಇವರು ಗಾಬರಿಯಾಗಿ ಹಿಂದೆ ಸರಿಯುವುದು. ಹೀಗೇ ಸುಮಾರು 900 ಮೈಲಿ ಹಿಮ್ಮೆಟ್ಟಿ ಮಳೆಗಾಲ ಶುರುವಾಗುವ ಹೊತ್ತಿಗೆ ಇಂಫಾಲ ಸೇರಿದರು. ಆ ಸೋಲಿನಲ್ಲಿ ತನ್ನ ಪಾಲೆಷ್ಟು ಅಂತ ಸ್ಲಿಮ್ ಆಮೇಲೆ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ದಂಡನಾಯಕರಲ್ಲಿ ಇದು ಅಪರೂಪ.

ನನಗೆ ತುಂಬಾ ಇಷ್ಟವಾಗುವುದು ಅದರ ಮುಂದಿನ ಭಾಗ. ಯುದ್ಧದ ಕಥೆಗಳಲ್ಲಿ ಸಾಮಾನ್ಯವಾಗಿ ಹಾರಿಸಿಬಿಡುವ ಭಾಗ ಇದು. 1943ರಲ್ಲಿ ಬರ್ಮಾ ಗಡಿಯಲ್ಲಿ ಒಬ್ಬ ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದರೆ, ಜೊತೆಗೆ 120 ಜನ ಕಾಯಿಲೆಯವರನ್ನು ಸಾಗಿಸಬೇಕಾಗಿತ್ತು. ಮಲೇರಿಯಾ, ಆಮಶಂಕೆ, ಟೈಫಸ್. ಇಂಥ ದಂಡು ಇಟ್ಟುಕೊಂಡು ಯಾವ ತಂತ್ರ ಹೂಡುತ್ತೀರಿ? ಸ್ಲಿಮ್ ಮೊದಲು ಹಿಡಿದದ್ದು ಮಾತ್ರೆಯನ್ನು. ಮೆಪಾಕ್ರಿನ್ ಅಂತ ಮಲೇರಿಯಾ ಮಾತ್ರೆ, ತಿಂದರೆ ಮೈ ಹಳದಿಯಾಗುತ್ತಿತ್ತು. ಗಂಡಸುತನ ಹೋಗುತ್ತೆ ಅಂತ ಗಾಳಿಮಾತು ಬೇರೆ. ಸೈನಿಕರು ನುಂಗಿದ ಹಾಗೆ ಮಾಡಿ ಉಗಿಯುತ್ತಿದ್ದರು. ಸ್ಲಿಮ್ ಹೇಳದೆ ಕೇಳದೆ ಇಡೀ ಪಡೆಗಳನ್ನು ತಪಾಸಣೆ ಮಾಡಿಸಿದ. ಕನಿಷ್ಠ ಶೇಕಡ 95 ಜನರಲ್ಲಾದರೂ ಔಷಧಿ ಕಾಣದಿದ್ದರೆ ಅವರ ಕಮಾಂಡರ್ ಮನೆಗೆ. ಮೂವರನ್ನು ತೆಗೆದುಹಾಕಿದ, ಉಳಿದವರಿಗೆ ಅರ್ಥವಾಯಿತು. ಮುಂದಿನ ಸಾಲಿನ ಪಡೆಗೆ ಅರ್ಧ ರೇಷನ್ ಆದರೆ ತನ್ನ ಹೆಡ್‌ಕ್ವಾರ್ಟರ್ಸ್‌ಗೂ ಅರ್ಧವೇ ಅಂತ ಮಾಡಿದ. ಸಾಮಾನು ಇಳಿಸುವ ಪ್ಯಾರಾಚೂಟ್ ಸಾಲದಿದ್ದಾಗ ಕಲ್ಕತ್ತದಲ್ಲಿ ಸೆಣಬಿನಿಂದಲೇ ಮಾಡಿಸಿದರು. ಅದನ್ನು ನಂಬಿಯೇ ಹೊಸ ಆಜ್ಞೆ ಹೊರಟಿತು: ಸುತ್ತುವರಿದರೆ ಓಡಬೇಡಿ, ಅಲ್ಲೇ ನಿಲ್ಲಿ, ಊಟ ಮದ್ದುಗುಂಡು ಮೇಲಿಂದ ಬರುತ್ತೆ.

ಎದುರಾಳಿಯಾಗಿದ್ದ ಜಪಾನಿನ ಜನರಲ್ ಮುತಗುಚಿ ಹೇಗಿದ್ದ ನೋಡಿ. 1944ರ ಮಾರ್ಚ್‌ನಲ್ಲಿ ಮೂರು ಡಿವಿಷನ್‌ಗಳನ್ನು ಇಂಫಾಲ, ಕೊಹಿಮಾ ಕಡೆ ನುಗ್ಗಿಸಿದ. ಕೈಯಲ್ಲಿದ್ದ ಊಟ ಮೂರು ವಾರದ್ದು. ಉಳಿದದ್ದನ್ನು ಇಂಫಾಲದ ಉಗ್ರಾಣ ಗೆದ್ದು ತಿನ್ನೋಣ ಅನ್ನುವ ಲೆಕ್ಕ. ಚೆಂಗಿಸ್ ಖಾನನ ಹಾಗೆ ದನಗಳನ್ನು ಹೊಡೆದುಕೊಂಡು ಹೊರಟರು, ಅವು ನದಿ ಬೆಟ್ಟ ದಾಟುವಷ್ಟರಲ್ಲಿ ಬಹುಪಾಲು ಸತ್ತವು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ. ಕೊಹಿಮಾದಲ್ಲಿದ್ದ ಸಾತೊ ಅನ್ನುವ ಜನರಲ್, ಊಟ ಬರಲೇ ಇಲ್ಲ ಅಂತ ಆಜ್ಞೆ ಮೀರಿ ಸೈನ್ಯ ವಾಪಸ್ ಕರೆದುಕೊಂಡು ಹೋದ. ಮುತಗುಚಿ ಅವನನ್ನು ಕೆಲಸದಿಂದ ತೆಗೆದ. ಜಪಾನಿನ ಸಾವಿರಾರು ಸೈನಿಕರು ವಾಪಸಾಗುವ ದಾರಿಯಲ್ಲಿ ಹಸಿವು, ಕಾಯಿಲೆಯಿಂದ ಸತ್ತರು. ಕೊಹಿಮಾಕ್ಕೆ ಎಷ್ಟು ದೊಡ್ಡ ಪಡೆ ಬರುತ್ತದೆ ಎಂಬ ಅಂದಾಜು ಸ್ಲಿಮ್‌ಗೂ ತಪ್ಪಿತ್ತು. ಆದರೆ ಆ ತಪ್ಪನ್ನು ತಡೆದುಕೊಳ್ಳುವಷ್ಟು ಗಟ್ಟಿ ದಂಡು ಅವನ ಹತ್ತಿರ ಇತ್ತು. 1945ರಲ್ಲಿ ಮಾಂಡಲೆ ಕಡೆ ನದಿ ದಾಟುವ ಹಾಗೆ ತೋರಿಸಿ ದಕ್ಷಿಣದಲ್ಲಿ ಮೈಕ್ತಿಲಾ ಪಟ್ಟಣ ಹೊಡೆದದ್ದು ಯುದ್ಧಶಾಲೆಗಳಲ್ಲಿ ಪಾಠವಾಗುವಂಥ ಚಮತ್ಕಾರ. ಅದಕ್ಕೂ ಅಡಿಪಾಯ ಅದೇ ಮಾತ್ರೆ, ಅದೇ ಅಕ್ಕಿ.

ಬ್ರಿಟಿಷ್ ಜನರಲ್‌ನ ಹೊಗಳಬೇಕಾ ಅಂತ ಕೇಳುವವರು ಇರುತ್ತಾರೆ. ಸರಿಯಾದ ಪ್ರಶ್ನೆಯೇ. ಇಂಫಾಲದಲ್ಲಿ ಎದುರು ಕಡೆ ನೇತಾಜಿಯವರ ಆಜಾದ್ ಹಿಂದ್ ಫೌಜ್ ಇತ್ತು, ಅವರ ಸೈನಿಕರೂ ಆ ಹಸಿವಿನ ದಾರಿಯಲ್ಲೇ ನಡೆದರು. ದಂಡಿಗೆ ರೇಷನ್ ಲೆಕ್ಕ ಹಾಕುತ್ತಿದ್ದ ಅದೇ 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಊಟವಿಲ್ಲದೆ ಸತ್ತರು. ಆ ಸಾಮ್ರಾಜ್ಯಕ್ಕೆ ನನ್ನ ಹತ್ತಿರ ಒಂದು ಒಳ್ಳೆ ಮಾತೂ ಇಲ್ಲ. ಸ್ಲಿಮ್‌ನ ಕಸುಬಿನ ಬಗ್ಗೆ ಮಾತ್ರ ನಾನು ಹೇಳುತ್ತಿರುವುದು.

ನಮ್ಮವರೇ ಬೇಕು ಅನ್ನುವುದಾದರೆ ಮಡಿಕೇರಿಯ ತಿಮ್ಮಯ್ಯನವರನ್ನು ತಗೊಳ್ಳಿ. ಅವರೂ ಬರ್ಮಾದ ಅರಾಕಾನ್‌ನಲ್ಲಿ ಒಂದು ಬೆಟಾಲಿಯನ್ ನಡೆಸಿದವರು. ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದಲ್ಲಿ 1948ರಲ್ಲಿ ಲಡಾಖ್ ದಾರಿಯ ಜೋಜಿಲಾ ಕಣಿವೆಯಲ್ಲಿ ನಡೆದ ಕಾಳಗ ಅಂದರೆ ಎಲ್ಲರೂ ಟ್ಯಾಂಕಿನ ಕಥೆ ಹೇಳುತ್ತಾರೆ. ಅದಕ್ಕೂ ಮೊದಲು ಸೆಪ್ಟೆಂಬರ್‌ನಲ್ಲಿ ಅಲ್ಲಿ ನಡೆದ ದಾಳಿಗಳು ಸೋತಿದ್ದವು ಎನ್ನುವುದನ್ನು ಯಾರೂ ಹೇಳುವುದಿಲ್ಲ. ತಿಮ್ಮಯ್ಯನವರು ಅದೇ ದಾರಿಯಲ್ಲಿ ಇನ್ನಷ್ಟು ಜನರನ್ನು ಸುಮ್ನೆ ನುಗ್ಗಿಸಲಿಲ್ಲ. ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ಪಡೆಯವರು ಹೇಸರಗತ್ತೆ ಓಡಾಡುವ ದಾರಿಯನ್ನು ಕಡಿದು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದರು. ಟ್ಯಾಂಕುಗಳ ಗೋಪುರ ಬಿಚ್ಚಿ, ಗುಟ್ಟಾಗಿ ಜಮ್ಮು ಕಡೆಯಿಂದ ಸಾಗಿಸಿದರು. ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿ ಮೇಲೆ ಅವು ಕಾಣಿಸಿಕೊಂಡಾಗ ಮುಂದಿನ ಟ್ಯಾಂಕಿನಲ್ಲಿ ಮೇಜರ್ ಜನರಲ್ ತಿಮ್ಮಯ್ಯನವರೇ ಇದ್ದರು. ಆ ತಿಂಗಳು ಮುಗಿಯುವಷ್ಟರಲ್ಲಿ ದ್ರಾಸ್, ಕಾರ್ಗಿಲ್ ಕೈಗೆ ಬಂದು ಲೇಹ್‌ಗೆ ದಾರಿ ತೆರೆಯಿತು.